ಕಾಯಬೇಕಾಯಿತು, ಕಾಯಬೇಕಿತ್ತು, ಕಾದಿರಬೇಕು

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಇಂಗ್ಲಿಷ್ ಪತ್ರದ ಕರಡನ್ನು ನಿನ್ನೆ ರಾತ್ರಿ ಕೂತು ಓದಿದೆ. ಹೇಳಬೇಕಾದ್ದನ್ನು ಚೆನ್ನಾಗಿ ಹೇಳಿದ್ದೀಯ. ಸ್ಪೆಲಿಂಗ್ ತಪ್ಪು ಒಂದೂ ಇಲ್ಲ. ಆದರೆ ಮೂರನೇ ಸಾಲಿಗೆ ಬಂದಾಗ ಕಣ್ಣು ಅಲ್ಲೇ ನಿಂತುಬಿಟ್ಟಿತು. 'ಐ ಮಸ್ಟ್ ಹ್ಯಾವ್ ಇನ್ಫಾರ್ಮ್ಡ್ ಯು ಅರ್ಲಿಯರ್' ಅಂತ ಬರೆದಿದ್ದೀಯ. ನಿನ್ನ ಮನಸ್ಸಿನಲ್ಲಿದ್ದದ್ದು 'ನಿಮಗೆ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ, ಕ್ಷಮಿಸಿ' ಅಂತ, ಅಲ್ವಾ? ಓದುವವರಿಗೆ ಅದು ಹಾಗೆ ಕೇಳಿಸುವುದಿಲ್ಲ. 'ನಿಮಗೆ ಮೊದಲೇ ತಿಳಿಸಿರಬೇಕು' ಅಂತ ಕೇಳಿಸುತ್ತದೆ. ನಾನಂತೂ ತಿಳಿಸಿದ ಹಾಗಿದೆ, ನೀವೇ ಮರೆತಿರಬೇಕು ಅನ್ನೋ ಧಾಟಿ ಬಂದುಬಿಡುತ್ತದೆ. ಕ್ಷಮೆ ಕೇಳಲು ಹೋಗಿ ತಪ್ಪನ್ನು ಅವರ ತಲೆಗೇ ಕಟ್ಟಿದಂತಾಯಿತು.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಮೇಲಿನವರಿಗೆ ಇದೇ ವಾಕ್ಯ ಬರೆದಿದ್ದೆ. ಅವರು ಎರಡು ದಿನ ಫೈಲುಗಳನ್ನೆಲ್ಲ ಹುಡುಕಿಸಿದರು, ನನ್ನ ಹಳೆಯ ಪತ್ರ ಎಲ್ಲಿ ಹೋಯಿತು ಅಂತ. ಅಂಥ ಪತ್ರ ಇರಲೇ ಇಲ್ಲ. ಕೊನೆಗೆ ನನ್ನನ್ನು ಕರೆದು ಕೇಳಿದಾಗ ಬಾಯಿಂದ ಮಾತೇ ಹೊರಡಲಿಲ್ಲ. ಅವತ್ತಿನ ಸಂಕಟ ಇನ್ನೂ ನೆನಪಿದೆ.

ಒಂದು ಸಮಾಧಾನದ ಮಾತು ಅಂದರೆ, ಈ ವ್ಯತ್ಯಾಸ ನಿನಗೆ ಕನ್ನಡದಲ್ಲಿ ಚಿಕ್ಕಂದಿನಿಂದಲೂ ಗೊತ್ತು. ಮೂರು ಮಾತನ್ನು ಗಟ್ಟಿಯಾಗಿ ಹೇಳಿ ನೋಡು. ಕಾಯಬೇಕಾಯಿತು. ಕಾಯಬೇಕಿತ್ತು. ಕಾದಿರಬೇಕು. ಮೊದಲನೆಯದರಲ್ಲಿ ಬೇರೆ ದಾರಿ ಇರಲಿಲ್ಲ, ಕಾದದ್ದೂ ಆಯಿತು. ಅದು 'ಐ ಹ್ಯಾಡ್ ಟು ವೇಟ್'. ಎರಡನೆಯದರಲ್ಲಿ ಕಾಯಲಿಲ್ಲ, ಈಗ ಅದರ ನೋವಿದೆ. ಅದು 'ಐ ಶುಡ್ ಹ್ಯಾವ್ ವೇಟೆಡ್'. ಮೂರನೆಯದು ಕರ್ತವ್ಯದ ಮಾತೇ ಅಲ್ಲ, ಬರೀ ಊಹೆ. 'ಹಿ ಮಸ್ಟ್ ಹ್ಯಾವ್ ವೇಟೆಡ್.' ಇಂಗ್ಲಿಷಿಗೆ ಕೈ ಹಾಕುವ ಮೊದಲು ಕನ್ನಡದಲ್ಲಿ ಕೇಳಿಕೋ, ನಾನು ಹೇಳ್ತಾ ಇರೋದು ಬೇಕಾಯಿತಾ, ಬೇಕಿತ್ತಾ, ಇರಬೇಕಾ? ಅಷ್ಟಾದರೆ ಅರ್ಧ ಕೆಲಸ ಮುಗೀತು.

ಆದರೆ 'ಬೇಕಿತ್ತು' ಅನ್ನೋದರಲ್ಲಿ ಸ್ವಲ್ಪ ಎಚ್ಚರ ಬೇಕು. 'ಅವನು ಹತ್ತು ಗಂಟೆಗೆ ಬರಬೇಕಿತ್ತು, ಇನ್ನೂ ಬಂದಿಲ್ಲ' ಅಂದಾಗ ನಾವು ಯಾರನ್ನೂ ದೂರುತ್ತಿರುವುದಿಲ್ಲ. ಹಾಗೆ ಮೊದಲೇ ನಿಗದಿಯಾಗಿತ್ತು, ಅಷ್ಟೇ. ಅಲ್ಲಿ 'ವಾಸ್ ಸಪೋಸ್ಡ್ ಟು ಕಮ್' ಚೆನ್ನಾಗಿ ಕೂರುತ್ತದೆ. 'ಶುಡ್ ಹ್ಯಾವ್ ಕಮ್' ಅಂದರೆ ಬೈದ ಹಾಗೆ ಆಗಬಹುದು.

'ಮಸ್ಟ್'ಗೆ ತನ್ನದೇ ಭೂತಕಾಲ ಯಾಕಿಲ್ಲ ಅಂತ ನೀನು ಹಿಂದೊಮ್ಮೆ ಕೇಳಿದ್ದೆ. ನೋಡು, ಹಳೆಯ ಇಂಗ್ಲಿಷಿನಲ್ಲಿ ಅದೇ ಒಂದು ಭೂತಕಾಲದ ರೂಪವಾಗಿತ್ತು. ಕಾಲ ಕಳೆದಂತೆ ವರ್ತಮಾನಕ್ಕೆ ಸರಿದುಬಿಟ್ಟಿತು. ಹಿಂದಕ್ಕೆ ಹೋಗಲು ಅದಕ್ಕೆ ಇನ್ನೊಂದು ರೂಪ ಉಳಿಯಲಿಲ್ಲ. 'ಶುಡ್' ಕೂಡ 'ಶಲ್' ಎಂಬುದರ ಭೂತರೂಪವೇ. ಮಾಡಬೇಕು ಅನ್ನೋ ಅರ್ಥದ 'ಆಟ್' (ought) ಅನ್ನೋದು ಸಾಲ ಇದೆ ಅನ್ನುವ 'ಓ' (owe) ಕ್ರಿಯಾಪದದ ಹಳೆಯ ಭೂತರೂಪ. ಮಾಡಬೇಕಾದ ಕೆಲಸವನ್ನು ತೀರಿಸಬೇಕಾದ ಸಾಲ ಅಂತ ಕಂಡವರ ಮಾತು ಅದು. ನನಗೆ ಇದು ಬಹಳ ಇಷ್ಟ.

ಹೀಗಾಗಿ ಕಾಲ ಬದಲಾಯಿಸುವ ಹೊರೆಯೆಲ್ಲ 'ಹ್ಯಾವ್ ಟು' ಮೇಲೆ ಬಿತ್ತು. ನಾಳೆ ಹೋಗಬೇಕಾಗುತ್ತದೆ ಅಂದರೆ 'ವಿಲ್ ಹ್ಯಾವ್ ಟು ಗೋ'. ಎರಡು ಸಲ ಬದಲಾಯಿಸಬೇಕಾಗಿ ಬಂದಿದೆ ಅಂದರೆ 'ಹ್ಯಾವ್ ಹ್ಯಾಡ್ ಟು ಚೇಂಜ್'. 'ವಿಲ್ ಮಸ್ಟ್' ಅಂತ ಯಾವತ್ತೂ ಬರೀಬೇಡ. ಪ್ರಶ್ನೆಯಲ್ಲಿ 'ಡಿಡ್ ಯು ಹ್ಯಾವ್ ಟು' ಸಾಕು. 'ಡಿಡ್' ಬಂದ ಮೇಲೆ 'ಹ್ಯಾಡ್' ಬೇಡ. ಬೇರೆಯವರು ಅಂದದ್ದನ್ನು ಹೇಳುವಾಗ ಮಾತ್ರ 'ಶಿ ಸೆಡ್ ಐ ಮಸ್ಟ್ ರೆಸ್ಟ್' ಅಂತ 'ಮಸ್ಟ್' ಹಾಗೇ ಉಳಿಯಬಹುದು. ವರ್ತಮಾನದಲ್ಲಿ ಎರಡರ ನಡುವಿನ ಅಂತರ ತೆಳು. ಮಾತಾಡುವವರೇ ಒತ್ತಾಯಿಸಿದರೆ 'ಮಸ್ಟ್', ಹೊರಗಿನ ನಿಯಮವೋ ಪರಿಸ್ಥಿತಿಯೋ ಒತ್ತಾಯಿಸಿದರೆ 'ಹ್ಯಾವ್ ಟು'. ಇದಕ್ಕಾಗಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ.

ತಲೆ ಕೆಡಿಸಿಕೊಳ್ಳಬೇಕಾದ್ದು 'ನಾಟ್' ಸೇರಿದಾಗ. ನಿನ್ನ ಪತ್ರದ ಕೊನೆಯ ಸಾಲು 'ಯು ಮಸ್ಟ್ ನಾಟ್ ರಿಪ್ಲೈ ಟುಡೇ'. ಇವತ್ತೇ ಉತ್ತರ ಕೊಡಬೇಕಾಗಿಲ್ಲ, ನಿಧಾನವಾಗಿ ಕೊಡಿ ಅನ್ನೋ ಸೌಜನ್ಯ ನಿನ್ನದು. ಅಲ್ಲಿರೋದು ಮಾತ್ರ 'ಇವತ್ತು ಉತ್ತರ ಕೊಡಕೂಡದು' ಅನ್ನೋ ಅಪ್ಪಣೆ! 'ಬೇಕಾಗಿಲ್ಲ' ಅನ್ನಲು 'ಡೋಂಟ್ ಹ್ಯಾವ್ ಟು', 'ಕೂಡದು' ಅನ್ನಲು 'ಮಸ್ಟ್ ನಾಟ್'. 'ನಾಟ್' ಇಲ್ಲದಿದ್ದಾಗ ಅಕ್ಕಪಕ್ಕದಲ್ಲಿದ್ದ ಎರಡು ಪದ ಅದು ಬಂದ ಕೂಡಲೇ ಒಂದೊಂದು ದಿಕ್ಕಿಗೆ ಹೋಗುತ್ತವೆ. ಆಗಿಹೋದದ್ದರಲ್ಲೂ ಹಾಗೇ. 'ಹೇಳಬಾರದಿತ್ತು' ಅಂದರೆ 'ಶುಡ್ ನಾಟ್ ಹ್ಯಾವ್ ಸೆಡ್'. 'ಹೇಳಬೇಕಾಗಿರಲಿಲ್ಲ' ಅಂದರೆ 'ಡಿಡ್ ನಾಟ್ ಹ್ಯಾವ್ ಟು ಸೇ'. ಅಗತ್ಯವಿಲ್ಲದಿದ್ದರೂ ಹೇಳಿಯೇಬಿಟ್ಟಿದ್ದರೆ 'ನೀಡ್ ನಾಟ್ ಹ್ಯಾವ್ ಸೆಡ್'. ಈ ಕೊನೆಯ ಎರಡನ್ನು ಕನ್ನಡ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಅದಕ್ಕೇ ಅಲ್ಲಿ ನಮ್ಮವರು ಎಡವೋದು.

ಮೂರನೇ ಸಾಲಿನಲ್ಲಿ 'ಮಸ್ಟ್' ತೆಗೆದು 'ಶುಡ್' ಹಾಕು. ಕೊನೆಯ ಸಾಲಿನಲ್ಲಿ 'ಮಸ್ಟ್ ನಾಟ್' ಬದಲು 'ಡೋಂಟ್ ಹ್ಯಾವ್ ಟು' ಹಾಕು. ಇಡೀ ಪತ್ರ ಮತ್ತೆ ಬರೆಯಬೇಕಾಗಿಲ್ಲ. ಕಳಿಸುವ ಮುಂಚೆ ನನಗೊಮ್ಮೆ ತೋರಿಸು, ನಾನು ಎದ್ದೇ ಇರುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ