ತೂಕದ ಜೊತೆ ಕಾಲಿನ ಕಸುವನ್ನೂ ನೋಡಿ

ಮಾನ್ಯ ಸಂಪಾದಕರೇ,

ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಬಳಸಿ ಎಂದು ಪ್ರಧಾನಿಯವರು 2025ರ ಫೆಬ್ರುವರಿಯಲ್ಲಿ ಕರೆ ಕೊಟ್ಟ ಮೇಲೆ ನಮ್ಮೂರಿನ ಆರೋಗ್ಯ ಶಿಬಿರಗಳಲ್ಲೂ ಬೊಜ್ಜಿನದೇ ಮಾತು. ಮಾತು ತಪ್ಪಲ್ಲ, ಆದರೆ ಯಾರ ಮುಂದೆ ಆಡುತ್ತಿದ್ದೇವೆ ಅನ್ನುವುದನ್ನು ನೋಡಿಕೊಳ್ಳುತ್ತಿಲ್ಲ. ನಾನು ದಾವಣಗೆರೆಯ ಹಳೇ ಭಾಗದ ಓಣಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ತಿರುಗಿ ನಿವೃತ್ತಳಾದವಳು. ಮಂಡಕ್ಕಿ ಭಟ್ಟಿಗಳಲ್ಲಿ ದುಡಿದು ಈಗ ಮನೆ ಹಿಡಿದಿರುವ ಹೆಂಗಸರ ಪರವಾಗಿ ಈ ಪತ್ರ.

ನಮ್ಮ ಹಿಂದಿನ ಓಣಿಯ ಅಜ್ಜಿಯೊಬ್ಬರಿಗೆ ಅರವತ್ತೆಂಟು ವರ್ಷ, ತೂಕ 74 ಕೆ.ಜಿ. ಉಂಡು ಸುಖವಾಗಿರುವ ಮೈ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಅವರು ಉಣ್ಣುವುದು ಇಷ್ಟು: ಬೆಳಿಗ್ಗೆ ಸಕ್ಕರೆ ಮುಂದಾದ ಚಾ, ಅದರಲ್ಲಿ ಅದ್ದಿದ ಬನ್ನು. ಮಧ್ಯಾಹ್ನ ಅನ್ನ, ಬೇಳೆಯನ್ನು ಹುಡುಕಬೇಕಾದ ತಿಳಿಸಾರು. ಸಂಜೆ ಒಗ್ಗರಣೆ ಮಂಡಕ್ಕಿ. ರಾತ್ರಿ ಮಧ್ಯಾಹ್ನದ್ದೇ. ರೊಟ್ಟಿ ಯಾಕೆ ಬಿಟ್ಟಿರಿ ಅಂದರೆ, ‘ತಟ್ಟೋಕೆ ತೋಳಾಗೆ ಶಕ್ತಿ ಇಲ್ಲ, ಕಡಿಯೋಕೆ ಹಲ್ಲಿಲ್ಲ ಸಿಸ್ಟರ್ರೇ. ಜೋಳ ಏನ್ ಪುಕ್ಕಟೆ ಬರ್ತೈತಾ?’ ಅಂದರು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಮಾತ್ರೆ, ಗ್ಯಾಸು, ಮೊಮ್ಮಕ್ಕಳ ಕೈಗೆ ಒಂದಿಷ್ಟು. ಅಗ್ಗವಾಗಿ, ಮೆತ್ತಗೆ, ಹೊಟ್ಟೆ ತುಂಬುವಂತೆ ಸಿಗುವುದು ಅನ್ನ ಮತ್ತು ಬನ್ನು ಮಾತ್ರ.

ಹೀಗೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಮೈ ಕಟ್ಟುವ ಬೇಳೆ, ಮೊಟ್ಟೆ ಸಾಲದೆ ತೊಡೆಯ ಮಾಂಸ ಕರಗುತ್ತದೆ. ಎರಡೂ ಒಟ್ಟೊಟ್ಟಿಗೆ ನಡೆಯುವುದರಿಂದ ತೂಕದ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ವಯಸ್ಸಾದವರ ನಿತ್ರಾಣ ಗುರುತಿಸಲು ವೈದ್ಯರು 2001ರಿಂದ ಬಳಸುತ್ತಿರುವ ಐದು ಲಕ್ಷಣಗಳಿವೆ: ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ತಗ್ಗುವುದು. ಮೂರಿದ್ದರೆ ನಿತ್ರಾಣವೆಂದೇ ಲೆಕ್ಕ. ತೂಕದ್ದೊಂದು ಬಿಟ್ಟು ಮಿಕ್ಕ ನಾಲ್ಕೂ ಈ ಅಜ್ಜಿಯಲ್ಲಿವೆ. ತುಂಬಿದ ಕೊಡ ಎತ್ತಲಾರರು. ಪಾಯಿಖಾನೆಯಲ್ಲಿ ಕೂತರೆ ಗೋಡೆ ಹಿಡಿದೇ ಏಳಬೇಕು, ಆ ಭಯಕ್ಕೆ ಸಂಜೆಯಾದ ಮೇಲೆ ನೀರೇ ಕುಡಿಯುವುದಿಲ್ಲ.

ಇಂಥವರಿಗೆ ಶಿಬಿರದಲ್ಲಿ ಸಿಕ್ಕ ಸಲಹೆ, ‘ಊಟ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ.’ ಅಜ್ಜಿ ಹೇಳಿದ್ದನ್ನು ಪಾಲಿಸಿದರು. ಮೊದಲು ಬಿಟ್ಟಿದ್ದು ಆಗೊಮ್ಮೆ ಈಗೊಮ್ಮೆ ತಿನ್ನುತ್ತಿದ್ದ ಮೊಟ್ಟೆ, ಅದು ಕೊಬ್ಬು ಅಂತ. ದುಡ್ಡೂ ಉಳಿಯಿತಲ್ಲ! ಅನ್ನ ಹಾಗೇ ಮುಂದುವರಿಯಿತು. ಇನ್ನು ವಾಕಿಂಗು. ಉಳ್ಳವರ ಬಡಾವಣೆಯಾದ ಎಂ.ಸಿ.ಸಿ. ಬಿ ಬ್ಲಾಕಿನ ಹಿರಿಯರಿಗೆ ಬೂಟು ಹಾಕಿಕೊಂಡು ಹೊರಟರೆ ಆಯಿತು. ನಮ್ಮ ಓಣಿಯಲ್ಲಿ ಚರಂಡಿಯ ಮೇಲೆ ಒಂದು ಕಲ್ಲಿದ್ದರೆ ಇನ್ನೊಂದಿಲ್ಲ, ಬೆಳಗಿನ ಜಾವ ನಾಯಿಗಳದೇ ರಾಜ್ಯ.

ಇವರನ್ನು ಸೋಮಾರಿಗಳು ಅನ್ನುವವರಿಗೆ ಒಂದು ಮಾತು. ಕಾಟನ್ ಮಿಲ್ಲುಗಳು ಮುಚ್ಚಿ ಗಂಡಂದಿರು ಕೈಖಾಲಿ ಕೂತಾಗ ಭಟ್ಟಿಯ ಹೊಗೆಯಲ್ಲಿ ನಿಂತು ಸಂಸಾರ ಎಳೆದವರು ಇವರೇ. ಮೊಣಕಾಲು ಸವೆದದ್ದೂ ಅಲ್ಲೇ. ಬಡತನ ಮೈಯಲ್ಲಿ ಇನ್ನೂ ಹಿಂದಿನಿಂದಲೇ ಲೆಕ್ಕ ಇಟ್ಟಿರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ ಬರೆದಿಟ್ಟಿದ್ದರು. ಅವರಲ್ಲಿ ಹಲವರನ್ನು 1990ರ ದಶಕದಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದ್ರೋಗ ಹೆಚ್ಚು ಕಂಡಿತು. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಹಸಿವಿಗೆ ಅರವತ್ತರಲ್ಲಿ ‘ಬಾಯಿ ಕಟ್ಟಿ’ ಅಂದರೆ ಮದ್ದಾಗುವುದಿಲ್ಲ.

ಕೇಳುವುದು ದೊಡ್ಡದೇನಲ್ಲ. ಶಿಬಿರದಲ್ಲಿ ತೂಕ, ಬಿಪಿ, ಶುಗರ್ ನೋಡುವಾಗ ಪಕ್ಕದಲ್ಲೊಂದು ಕುರ್ಚಿ ಇಡಿ. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ಹನ್ನೆರಡು ಸೆಕೆಂಡು ದಾಟಿದರೆ ಕಾಲಿನ ಕಸುವು ಕುಗ್ಗಿದೆ ಎಂದು ಏಷ್ಯಾದ ತಜ್ಞರು 2019ರಲ್ಲೇ ಹೇಳಿದ್ದಾರೆ. ಮೊಬೈಲಿನ ಗಡಿಯಾರ ಸಾಕು. ಅಂಥವರಿಗೆ ‘ಕಡಿಮೆ ತಿನ್ನಿ’ ಅನ್ನಬೇಡಿ, ಏನನ್ನು ಹೆಚ್ಚು ತಿನ್ನಬೇಕೆಂದು ಹೇಳಿ, ಮನೆಯಲ್ಲೇ ಕುರ್ಚಿ ಹಿಡಿದು ಮಾಡುವ ವ್ಯಾಯಾಮ ತೋರಿಸಿ.

ರೇಷನ್ನಿನ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆಯ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿದಾಗ ನನಗೆ ಖುಷಿಯಾದದ್ದು ಬೇಳೆಗಾಗಿ. ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಹೊರಟ ರಾಜ್ಯ, ಒಂಟಿ ಮುದುಕಿಯರಿಗೆ ಎರಡು ದಿನವಾದರೂ ಕೊಡಬಹುದು. ತಿನ್ನದವರಿಗೆ ಹಾಲು ಕೊಡಿ. ಶಾಲೆಯಲ್ಲಿ ಮೊಟ್ಟೆಯ ಬದಲು ಕೊಡುತ್ತಿದ್ದ ಚಿಕ್ಕಿ ಮಾತ್ರ ಬೇಡ, ಹಲ್ಲಿಲ್ಲ! ಹಲ್ಲಿಗೂ ದಾರಿಯಿದೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡಲೆಂದೇ ‘ದಂತ ಭಾಗ್ಯ’ ಬಂತು. ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ಈ ಊರಿನಲ್ಲಿ ನಮ್ಮ ಓಣಿಯವರು ಅದರ ಹೆಸರೇ ಕೇಳಿಲ್ಲ. ಆಶಾ ಕಾರ್ಯಕರ್ತೆಯರ ಕೈಗೆ ಒಂದು ಕರಪತ್ರ ಕೊಟ್ಟರೂ ನಡೆದೀತು.

ಕೊನೆಯದಾಗಿ, ಮುಂದಿನ ಶಿಬಿರವನ್ನು ದಯವಿಟ್ಟು ನೆಲಮಹಡಿಯಲ್ಲಿ ಮಾಡಿ. ಕಳೆದ ಸಲದ್ದು ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಲಾರದವರು ಕೆಳಗಿನಿಂದಲೇ ವಾಪಸ್ ಹೋದರು, ಮೇಲೆ ಹತ್ತಿ ಬಂದವರ ಹೆಸರಷ್ಟೇ ರಿಜಿಸ್ಟರಿಗೆ ಏರಿತು.

— ನಿವೃತ್ತ ಆರೋಗ್ಯ ಸಹಾಯಕಿ, ದಾವಣಗೆರೆ