ಹಳೆಯ ಕಾರಿನ ಕಾರ್ಪೆಟ್: ಮೊದಲು ತಗಡು ನೋಡಿ

ಮಾನ್ಯರೇ,

2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿರುವವರು, ಅದಕ್ಕೆ ಹೊಸ ಕಾರ್ಪೆಟ್ ಹಾಕಿಸುವಾಗ ಬಣ್ಣ, ಬೆಲೆಗಳಿಗಿಂತ ಮೊದಲು ಅಡಿಯ ತಗಡನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನಗರದ ಅಂಗಡಿಯೊಂದರಲ್ಲಿ ನನ್ನ ಕಾರಿನ ತುಕ್ಕನ್ನು ಕೆರೆಯದೆ, ಒದ್ದೆಯಾಗಿದ್ದ ಹಳೆಯ ಫೆಲ್ಟಿನ (ಕಾರ್ಪೆಟ್ಟಿನ ಅಡಿಯ ದಪ್ಪ ಪದರ) ಮೇಲೆಯೇ ಹೊಸ ಕಾರ್ಪೆಟ್ಟನ್ನು ಅಂಟಿಸಿದ್ದರಿಂದ, ಒಂದೇ ಮಳೆಗಾಲದಲ್ಲಿ ಚಾಲಕನ ಕಾಲಡಿಯ ತಗಡು ತೂತಾಯಿತು. ಸೀಟುಗಳನ್ನು ಬಿಚ್ಚಿ, ತುಕ್ಕು ತೆಗೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, ಬಾಗಿಲಿನ ಸವೆದ ರಬ್ಬರ್ ಬದಲಿಸಿ, ಎಲ್ಲವೂ ಒಣಗಿದ ಮೇಲೆಯೇ ಕಾರ್ಪೆಟ್ ಹಾಸಬೇಕು. ಕಾರಿನ ನೆಲದ ನಡುವಿನ ಉಬ್ಬಿನ ಮೇಲೆ ಬರುವ ಭಾಗವನ್ನು ಮೊದಲು ಕೂರಿಸಿಕೊಂಡು, ಸೀಟಿನ ಬೋಲ್ಟುಗಳಿಗೆ ರಂಧ್ರಗಳನ್ನು ಕಡೆಗೆ ಕತ್ತರಿಸಿದರೆ ಅಳತೆ ತಪ್ಪದು. ಅಂಚು ಆಕ್ಸಿಲರೇಟರ್ ಪೆಡಲ್‌ಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದಂತೂ ಜೀವದ ಪ್ರಶ್ನೆ. ಹಳೆಯ ಕಾರ್ಪೆಟ್ಟನ್ನು ಎಸೆಯದೆ ಅಳತೆಯ ಮಾದರಿಗೆಂದು ಇಟ್ಟುಕೊಳ್ಳಿ.

– ಓದುಗರೊಬ್ಬರು, ಬೆಂಗಳೂರು