ಸರಿಯಾಗಿ ಕೂರದ ಜೀನು: ವಾಪಸ್ ಪಡೆಯುವಂತೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಆರು ವಾರದ ಹಿಂದೆ ನಿಮ್ಮ ಫಿಟ್ಟರ್ ನಮ್ಮ ಲಾಯಕ್ಕೆ ಬಂದಿದ್ದರು. ಹೊಸ ಜೀನನ್ನು ಕುದುರೆ ಮೇಲೆ ಇಟ್ಟು ನೋಡಿ, ‘ಚೆನ್ನಾಗಿ ಕೂತಿದೆ’ ಎಂದು ಬರೆದುಕೊಟ್ಟು ಹೋದರು. ಆಮೇಲಿಂದ ನಮ್ಮ ಕುದುರೆ ಜೀನು ಕಂಡರೆ ಸಾಕು, ಕಿವಿ ಹಿಂದಕ್ಕೆ ಮಡಚುತ್ತದೆ. ಹೊಟ್ಟೆಪಟ್ಟಿ ಬಿಗಿಯಲು ಹೋದರೆ ತಿರುಗಿ ಕಚ್ಚಲು ಬರುತ್ತದೆ. ಎಂಟು ವರ್ಷದಿಂದ ನನ್ನ ಜತೆ ಇದೆ, ಒಂದು ದಿನವೂ ಹೀಗೆ ಮಾಡಿರಲಿಲ್ಲ.

ಫೋನ್ ಮಾಡಿದರೆ ನಿಮ್ಮವರು ‘ಹೊಸದಲ್ವಾ, ಕುದುರೆ ಹಟ ಮಾಡ್ತಿರಬೇಕು. ಜೀನಿನ ಕೆಳಗೆ ದಪ್ಪ ಪ್ಯಾಡ್ ಹಾಕಿ ನೋಡಿ’ ಎಂದರು. ಬಿಗಿಯಾದ ಶೂ ಕಚ್ಚುತ್ತದೆ ಎಂದವರಿಗೆ ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಿ ಎಂದ ಹಾಗಾಯಿತು.

ನಿಮ್ಮ ಫಿಟ್ಟರ್ ಪ್ಯಾಡ್ ಮೇಲೆಯೇ ಜೀನು ಇಟ್ಟು ನೋಡಿದ್ದರು. ನನ್ನನ್ನು ಹತ್ತಿಸಲಿಲ್ಲ, ಕುದುರೆಯನ್ನು ನಡೆಸಲೂ ಇಲ್ಲ. ಹೆಗಲಿನ ಉಬ್ಬಿಗೂ ಜೀನಿನ ಮುಂದಿನ ಕಮಾನಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಹೋಗುವುದನ್ನು ತೋರಿಸಿ, ‘ನೋಡಿ, ಎಷ್ಟು ಜಾಗ ಇದೆ!’ ಎಂದರು. ಜಾಗ ಜಾಸ್ತಿ ಇದ್ದದ್ದೇ ತೊಂದರೆ. ಒಳಗಿನ ಚೌಕಟ್ಟು ಬೆನ್ನಿಗಿಂತ ಕಿರಿದಾಗಿದ್ದರೆ ಜೀನು ಕೆಳಗಿಳಿಯದೆ ಮೇಲೆಯೇ ನಿಂತುಬಿಡುತ್ತದೆ. ಮುಂದೆ ಎತ್ತರವಾಗಿ, ಹಿಂದಕ್ಕೆ ವಾಲುತ್ತದೆ. ಹತ್ತಿ ಕೂತರೆ ನಾನೂ ಹಿಂದಕ್ಕೆ ಜಾರುತ್ತೇನೆ.

ಹೋದ ಭಾನುವಾರ ನಾನೇ ಪರೀಕ್ಷೆ ಮಾಡಿದೆ. ಕುದುರೆಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಬರಿ ಬೆನ್ನ ಮೇಲೆ ಜೀನನ್ನು ಸ್ವಲ್ಪ ಮುಂದಕ್ಕಿಟ್ಟು, ಅದರ ಜಾಗ ಸಿಗುವ ತನಕ ಹಿಂದಕ್ಕೆ ಸರಿಸಿದೆ. ಮುಂದಿನ ಅಂಚಿನ ಕೆಳಗೆ ಬೆರಳು ತೂರಿಸಿದೆ. ಗೆಳತಿ ಕುದುರೆಯ ಮುಂಗಾಲು ಎತ್ತಿ ಮುಂದಕ್ಕೆ ಚಾಚಿದಳು. ಕಾಲು ಮುಂದೆ ಹೋದಾಗ ಭುಜದ ಎಲುಬು ಹಿಂದಕ್ಕೆ ಬರುತ್ತದೆ. ಬಂದು ಸೀದಾ ಚೌಕಟ್ಟಿಗೆ ಗುದ್ದಿತು. ನನ್ನ ಬೆರಳು ನಡುವೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಆಗ ಮೇಲೆ ಯಾರೂ ಕೂತಿರಲಿಲ್ಲ.

ಆಮೇಲೆ ಅರ್ಧ ಗಂಟೆ ಸವಾರಿ ಮಾಡಿ ಜೀನು ಬಿಚ್ಚಿದೆ. ಬೆನ್ನೆಲ್ಲಾ ಬೆವರಿ ಒದ್ದೆ. ಹೆಗಲಿನ ಉಬ್ಬಿನ ಕೆಳಗೆ ಎರಡೂ ಕಡೆ ಅಂಗೈಯಗಲ ಮಾತ್ರ ಒಣಗಿತ್ತು. ಜೀನು ಜೋರಾಗಿ ಒತ್ತಿದ ಕಡೆ ಬೆವರೇ ಬಂದಿಲ್ಲ. ಒತ್ತಿದರೆ ಚರ್ಮ ಅದುರುತ್ತದೆ. ಇದನ್ನು ಹೀಗೇ ಬಿಟ್ಟರೆ ಆ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ ಎಂಬುದು ನಿಮಗೂ ಗೊತ್ತಿರುವ ವಿಷಯ.

ಉಳಿದದ್ದರ ಬಗ್ಗೆ ತಕರಾರಿಲ್ಲ. ಜೀನು ಕೊನೆಯ ಪಕ್ಕೆಲುಬು ದಾಟಿಲ್ಲ, ಅದರ ಅಡಿಯ ಎರಡು ಮೆತ್ತೆಗಳ ನಡುವಿನ ಸಂದು ಬೆನ್ನೆಲುಬಿಗೆ ತಾಗುವುದಿಲ್ಲ. ಹೊಲಿಗೆಯಂತೂ ಬಲು ಚೆಂದ. ಚೌಕಟ್ಟಿನ ಅಗಲ ಮಾತ್ರ ತಪ್ಪು. ಮೆತ್ತೆಯೊಳಗೆ ತುಂಬಿದ ಉಣ್ಣೆ ಹೆಚ್ಚುಕಮ್ಮಿ ಮಾಡಿ ಇದನ್ನು ಸರಿಪಡಿಸಲು ಆಗುವುದಿಲ್ಲ, ಹಾಗಾಗಿ ಆ ಸಲಹೆ ದಯವಿಟ್ಟು ಬೇಡ.

ಬೇರೆ ಫಿಟ್ಟರ್ ಒಬ್ಬರನ್ನು ಕಳಿಸಿ. ಅವರು ಪ್ಯಾಡ್ ತೆಗೆದು ನೋಡಲಿ, ನಾನು ಹತ್ತಿದ ಮೇಲೂ ನೋಡಲಿ, ಕುದುರೆ ನಡೆಯುವಾಗ, ಓಡುವಾಗಲೂ ನೋಡಲಿ. ಅಗಲ ಹೆಚ್ಚಿರುವ ಜೀನು ನಿಮ್ಮಲ್ಲಿ ಇಲ್ಲದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ. ಹತ್ತು ದಿನದೊಳಗೆ ಲಿಖಿತ ಉತ್ತರ ಬೇಕು. ಬೆವರಿನ ಗುರುತಿನ ಫೋಟೋ ಮತ್ತು ಬಗ್ಗುವ ತಂತಿಯಲ್ಲಿ ಹೆಗಲಿನ ಆಕಾರ ತೆಗೆದ ಕಾಗದ ಜತೆಗಿಟ್ಟಿದ್ದೇನೆ.

ಅಲ್ಲಿಯವರೆಗೆ ನಿಮ್ಮ ಜೀನು ಗೂಟದ ಮೇಲಿರುತ್ತದೆ. ನಾನು ಹಗ್ಗ ಹಿಡಿದು ಕುದುರೆಯ ಪಕ್ಕದಲ್ಲಿ ನಡೆಯುತ್ತಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ